ಊಟ, ಬಟ್ಟೆ ಕೊಟ್ಟವರ ಲೆಕ್ಕ

ಪತ್ರ: ಮೆಲ್ಬರ್ನಿನಲ್ಲಿರುವ ಮಗನ ಮನೆಗೆ ಹೋಗಿ ಬಂದ ದಾವಣಗೆರೆಯ ಓದುಗರೊಬ್ಬರು ಕೇಳುತ್ತಾರೆ: "ಆಸ್ಟ್ರೇಲಿಯಾದ ಹಿಂದಿನ ಸರ್ಕಾರಗಳು ಮೂಲನಿವಾಸಿಗಳ ಮಕ್ಕಳನ್ನು ಕರೆದೊಯ್ದು ಊಟ, ಬಟ್ಟೆ, ಓದು ಕೊಟ್ಟವಲ್ಲವೆ? ಉದ್ದೇಶ ಒಳ್ಳೆಯದೇ ಆಗಿದ್ದಾಗ, ಇಷ್ಟು ಕಾಲದ ಮೇಲೆ ಕ್ಷಮೆ, ಪರಿಹಾರ ಎಂದೆಲ್ಲ ಏಕೆ?"

ಉತ್ತರ: ಮಾನ್ಯರೇ, ನಿಮ್ಮ ಪತ್ರದಲ್ಲಿ ಕುಹಕವಿಲ್ಲ. ಆದ್ದರಿಂದಲೇ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. ನಿಜವಾಗಿಯೂ ಆರೈಕೆ ಬೇಕಾಗಿದ್ದ ಮಕ್ಕಳಿದ್ದರು, ಅಂಥವರನ್ನು ಅಕ್ಕರೆಯಿಂದ ಸಾಕಿದವರೂ ಇದ್ದರು. ಅಷ್ಟನ್ನು ಒಪ್ಪಿ ಮುಂದೆ ಹೋಗೋಣ.

ಪಶ್ಚಿಮ ಆಸ್ಟ್ರೇಲಿಯಾದ 1905ರ ಕಾಯಿದೆಯು ಹದಿನಾರರೊಳಗಿನ ಮೂಲನಿವಾಸಿ ಮಕ್ಕಳಿಗೆಲ್ಲ ಒಬ್ಬ ಅಧಿಕಾರಿಯನ್ನು, ಅಂದರೆ ಮುಖ್ಯ ರಕ್ಷಣಾಧಿಕಾರಿಯನ್ನು, ಪೋಷಕನನ್ನಾಗಿ ಮಾಡಿತು. ಹೆತ್ತವರು ಬದುಕಿದ್ದರೂ ಕಾನೂನಿನ ಕಣ್ಣಿಗೆ ಅವರು ಪೋಷಕರಲ್ಲ. ನ್ಯೂ ಸೌತ್ ವೇಲ್ಸಿನಲ್ಲಿ 1915ರ ತಿದ್ದುಪಡಿಯ ನಂತರ, ಮಗುವನ್ನು ಮನೆಯವರು ಕಡೆಗಣಿಸಿದ್ದಾರೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸುವ ತೊಂದರೆಯೂ ಅಲ್ಲಿನ ಮೂಲನಿವಾಸಿಗಳ ರಕ್ಷಣಾ ಮಂಡಳಿಗೆ ಇರಲಿಲ್ಲ. ಅಪ್ಪಟ ಪರೋಪಕಾರಕ್ಕೆ ಸಾಕ್ಷ್ಯದ ಭಯ ಏಕೆ ಬಂತು ಎಂಬುದನ್ನು ದಯವಿಟ್ಟು ಯೋಚಿಸಿ. ಇನ್ನು, ಹೆಚ್ಚಾಗಿ ಅವರು ಹುಡುಕಿದ್ದು ತಿಳಿಬಣ್ಣದ, ಮಿಶ್ರ ಮೂಲದ ಮಕ್ಕಳನ್ನು. 1937ರಲ್ಲಿ ಕ್ಯಾನ್ಬೆರಾದಲ್ಲಿ ಸೇರಿದ ಅಧಿಕಾರಿಗಳ ಸಮ್ಮೇಳನವು ಅಂಥವರನ್ನು ಕ್ರಮೇಣ ಬಿಳಿಯರೊಳಗೆ ಕರಗಿಸಿಬಿಡುವುದೇ ಗುರಿಯೆಂದು ನಿರ್ಣಯಿಸಿತು. ಈ ನೆಲದಲ್ಲಿ ಮೂಲನಿವಾಸಿಗಳಿದ್ದರೆಂಬುದೇ ಮರೆತುಹೋಗುವಂತೆ ಮಾಡಬಹುದೆಂದು ಪಶ್ಚಿಮ ಆಸ್ಟ್ರೇಲಿಯಾದ ಮೂಲನಿವಾಸಿ ವ್ಯವಹಾರಗಳ ಅಧಿಕಾರಿ ಎ. ಒ. ನೆವಿಲ್ ಅಲ್ಲಿ ಸೂಚಿಸಿದರು. ಹಸಿವು ಮೈಬಣ್ಣ ನೋಡಿ ಬರುವುದಿಲ್ಲವಲ್ಲ!

ಒಂದೇ ಒಂದು ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಿ. 1957ರ ಕ್ರಿಸ್‌ಮಸ್ ದಿನ, ದಕ್ಷಿಣ ಆಸ್ಟ್ರೇಲಿಯಾದ ಬ್ರೂಸ್ ಟ್ರೆವೊರೊ ಎಂಬ ಹದಿಮೂರು ತಿಂಗಳ ಕೂಸಿಗೆ ವಾಂತಿಭೇದಿಯಾಯಿತು. ತಂದೆಯ ಬಳಿ ವಾಹನವಿರಲಿಲ್ಲ. ನೆರೆಯವರು ಕೂಸನ್ನು ಅಡಿಲೇಡಿನ ಮಕ್ಕಳ ಆಸ್ಪತ್ರೆಗೆ ಸೇರಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಕೂಸು, ಹೆತ್ತವರಿಗೆ ತಿಳಿಯದಂತೆ, ಬಿಳಿಯ ಕುಟುಂಬವೊಂದರ ಪಾಲಾಯಿತು. ತಿಂಗಳುಗಳ ನಂತರ ತಾಯಿ ಪತ್ರ ಬರೆದು, ಮಗು ಹೇಗಿದೆ, ಯಾವಾಗ ಮನೆಗೆ ತರಬಹುದು ಎಂದು ಕೇಳಿಕೊಂಡರು. ಮಗು ಚೇತರಿಸಿಕೊಳ್ಳುತ್ತಿದೆ, ಆದರೆ ವೈದ್ಯರು ಇನ್ನೂ ಮನೆಗೆ ಕಳಿಸಲು ಒಪ್ಪುತ್ತಿಲ್ಲ ಎಂದು ಸರ್ಕಾರಿ ಕಚೇರಿಯಿಂದ ಮಾರೋಲೆ ಬಂತು. ಅಷ್ಟರಲ್ಲಿ ಮಗು ಆಸ್ಪತ್ರೆ ಬಿಟ್ಟು ಅರ್ಧ ವರ್ಷ ದಾಟಿತ್ತು. ಹೀಗೆ ಮಾಡಲು ತನಗೆ ಅಧಿಕಾರವಿಲ್ಲವೆಂಬ ಕಾನೂನು ಸಲಹೆ ಸರ್ಕಾರದ ಕೈಯಲ್ಲೇ ಇತ್ತು. ನನಗೆ ಸಿಟ್ಟು ಬರುವುದು ಆ ಮಾರೋಲೆಯನ್ನು ನೆನೆದಾಗ; ಅದರಲ್ಲಿ ಕಠಿಣವಾದ ಒಂದು ಮಾತೂ ಇಲ್ಲ. ಮೇಲ್ಮನವಿಗೆ ಜಾಗವಿಲ್ಲದ ಆದೇಶದಲ್ಲೇ ನಯವಾದ ಮಾತು ಹೆಚ್ಚಿರುತ್ತದೆಂದು ನನ್ನ ಪರಿಚಯದ ನಿವೃತ್ತ ತಹಶೀಲ್ದಾರರೊಬ್ಬರು ಹೇಳುವುದುಂಟು.

ಊಟ ಬಟ್ಟೆಯ ಲೆಕ್ಕ ತೆಗೆದವರು ನೀವು, ಆದ್ದರಿಂದ ಇನ್ನೊಂದು ಲೆಕ್ಕವನ್ನೂ ನೋಡಬೇಕು. ನ್ಯೂ ಸೌತ್ ವೇಲ್ಸಿನ ಕೂಟಮಂಡ್ರಾದ ಬಾಲಕಿಯರ ನಿಲಯದಲ್ಲಿ ಕಲಿಸಿದ್ದು ಕಸಮುಸುರೆ, ಅಡುಗೆ, ಬಟ್ಟೆ ಒಗೆತ. ಅಲ್ಲಿಂದ ಮನೆಗೆಲಸಕ್ಕೆ ಹೋದ ಹುಡುಗಿಯರ ಕೂಲಿಯ ಬಹುಪಾಲನ್ನು ಮಂಡಳಿಯೇ ಇಟ್ಟುಕೊಂಡಿತು, ಎಷ್ಟೋ ಮಂದಿಗೆ ಅದು ಕೈಸೇರಲೇ ಇಲ್ಲ. ಕಿಂಚೆಲಾದ ಬಾಲಕರ ನಿಲಯದಲ್ಲಿ ಹುಡುಗರನ್ನು ಹೆಸರಿನ ಬದಲು ಸಂಖ್ಯೆಯಿಂದ ಕೂಗುತ್ತಿದ್ದರು. 1910ರಿಂದ 1970ರವರೆಗೆ, ಮೂಲನಿವಾಸಿ ಮಕ್ಕಳಲ್ಲಿ ಹತ್ತರಲ್ಲಿ ಒಂದಕ್ಕೆ ಕಡಿಮೆಯಿಲ್ಲದಂತೆ, ಪ್ರಾಯಶಃ ಮೂರರಲ್ಲಿ ಒಂದು ಮಗುವನ್ನು ಹೀಗೆ ಬೇರ್ಪಡಿಸಲಾಯಿತೆಂದು 1997ರ ರಾಷ್ಟ್ರೀಯ ವಿಚಾರಣಾ ವರದಿ ಅಂದಾಜು ಮಾಡಿದೆ.

ಇದೆಲ್ಲ ದೂರದ ಕಥೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅದೇ ಬ್ರಿಟಿಷ್ ಸಾಮ್ರಾಜ್ಯ ಇಲ್ಲಿ, ಕೆಲವು ಸಮುದಾಯಗಳನ್ನೇ ಅಪರಾಧಿಗಳೆಂದು ಹೆಸರಿಸಿದ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಗೆ 1897ರಲ್ಲಿ ತಿದ್ದುಪಡಿ ತಂದು, ನಾಲ್ಕು ವರ್ಷದ ಮಕ್ಕಳನ್ನೂ ತಂದೆತಾಯಿಯರಿಂದ ಬಿಡಿಸಿ ಸುಧಾರಣಾ ವಸತಿಗಳಿಗೆ ಕಳಿಸುವ ದಾರಿ ಮಾಡಿತ್ತು. ಅದೇ ಕಾಯಿದೆಯಡಿ ಜನರನ್ನು ಇರಿಸಿದ್ದ ಹುಬ್ಬಳ್ಳಿಯ ಸೆಟ್ಲಮೆಂಟಿನ ಹೆಸರು ನೀವು ಕೇಳಿರಬಹುದು. ಬಡವರ ಮಕ್ಕಳ ಹಿತ ಬಡವರಿಗಿಂತ ಕಚೇರಿಗೇ ಹೆಚ್ಚು ಗೊತ್ತೆಂಬ ಭಾವನೆ ನಮ್ಮ ವಿದ್ಯಾವಂತರಲ್ಲೂ ಇದೆ. ಪ್ರತಿ ವಾರ ನನ್ನ ಮೇಜಿಗೆ ಬರುವ ಪತ್ರಗಳಲ್ಲಿ ಅದನ್ನು ಓದುತ್ತಿರುತ್ತೇನೆ.

ಇಷ್ಟು ಕಾಲದ ಮೇಲೆ ಏಕೆ ಎಂಬ ಪ್ರಶ್ನೆಯನ್ನು ತಡಮಾಡಿದವರಿಗೇ ಕೇಳಬೇಕು. ವರದಿ ಬಂದಾಗ ಪ್ರಧಾನಿಯಾಗಿದ್ದ ಜಾನ್ ಹೋವರ್ಡ್ 1999ರಲ್ಲಿ ವಿಷಾದವನ್ನಷ್ಟೇ ಸೂಚಿಸಿದರು. ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ಕೆವಿನ್ ರಡ್, 2008ರ ಫೆಬ್ರವರಿ 13ರಂದು. ಟ್ರೆವೊರೊ ಅವರಿಗೆ 2007ರಲ್ಲಿ ನ್ಯಾಯಾಲಯ 5,25,000 ಡಾಲರ್ ಕೊಡಿಸಿತು, ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ಕೇಂದ್ರ ಸರ್ಕಾರ ತನ್ನ ನೇರ ಆಡಳಿತದಲ್ಲಿದ್ದ ಪ್ರದೇಶಗಳಲ್ಲಿ ಹೀಗೆ ಬೇರ್ಪಟ್ಟವರಿಗೆ ತಲಾ 75,000 ಡಾಲರ್ ಪರಿಹಾರ ಘೋಷಿಸಿದ್ದು 2021ರಲ್ಲಿ.