‘ಚೇಸ್’ ಎಂದರೆ ಬೆನ್ನಟ್ಟುವುದು ಮಾತ್ರವೇ? ಗೋಡೆಗೂ ಲೋಹಕ್ಕೂ ಅದೇ ಪದ ಏಕೆ?

ಒಂದೇ ಕಾಗುಣಿತದಲ್ಲಿ ಬೇರೆ ಬೇರೆ ಮೂಲದ ಪದಗಳು ಸೇರಿಕೊಂಡಿವೆ.

ಬೆನ್ನಟ್ಟುವ ಚೇಸ್ ಲ್ಯಾಟಿನ್ ಮೂಲದಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ‘ಕ್ಯಾಚ್’ ಇದರ ಒಡಹುಟ್ಟು. ಪಕ್ಕದ ಪದ ಬದಲಾದರೆ ಅರ್ಥವೂ ತಿರುಗುತ್ತದೆ: ‘ಚೇಸ್ ಆಫ್ಟರ್’ ಹಿಡಿಯಲು ಹಿಂದೆ ಓಡುವುದು, ‘ಚೇಸ್ ಅವೇ’ ಓಡಿಸಿಬಿಡುವುದು, ‘ಚೇಸ್ ಅಪ್’ ಬಾಕಿಗೋ ಉತ್ತರಕ್ಕೋ ಮತ್ತೆ ಮತ್ತೆ ವಿಚಾರಿಸುವುದು. ಹೆಚ್ಚಿನವರು ಎಡವುವುದು ಕ್ರಿಕೆಟ್‌ನ ಬಳಕೆಯಲ್ಲಿ. ಎದುರಾಳಿ 250 ಹೊಡೆದರೆ ಗುರಿ 251. ‘ಚೇಸಿಂಗ್ 251’ ಅಂದರೆ ಪ್ರಯತ್ನ ನಡೆದಿದೆ ಅಷ್ಟೇ. ‘ಚೇಸ್ಡ್ ಡೌನ್’ ಅಂದರೆ ಗುರಿ ಮುಟ್ಟಿ ಗೆದ್ದಾಯಿತು. ಪದವಿ ವ್ಯಾಸಂಗಕ್ಕೆ ಮಾತ್ರ ಈ ಪದ ಬಳಸಬೇಡಿ, ಅಲ್ಲಿ ‘ಪರ್ಸ್ಯೂ’ ಸರಿ. ಚೇಸ್‌ನಲ್ಲಿ ಏದುಸಿರಿನ ಓಟವಿದೆ.

ಗೋಡೆಯ ಚೇಸ್ ಎಂದರೆ ಪೈಪು, ವೈರು ಹುದುಗಿಸಲು ಕೊರೆಯುವ ಉದ್ದನೆಯ ತೋಡು. ಇಟ್ಟಿಗೆ ಗೋಡೆಯಲ್ಲಿ ಲಂಬ ತೋಡಿನ ಆಳ ಗೋಡೆಯ ದಪ್ಪದ ಮೂರನೇ ಒಂದು ಭಾಗ, ಅಡ್ಡ ತೋಡಿನದು ಆರನೇ ಒಂದು ಭಾಗ ಮೀರಬಾರದೆಂಬುದು ರೂಢಿಯ ಮಿತಿ; 150 ಮಿ.ಮೀ. ಗೋಡೆಗೆ 50 ಮತ್ತು 25 ಮಿ.ಮೀ. ಅಡ್ಡ ತೋಡು ಹೆಚ್ಚು ಅಪಾಯಕಾರಿ, ಏಕೆಂದರೆ ಅದರ ಉದ್ದಕ್ಕೂ ಭಾರ ಹೊರುವ ದಪ್ಪವೇ ಕುಗ್ಗುತ್ತದೆ.

ಲೋಹದ ಕೆಲಸದಲ್ಲಿ, ಮೊಂಡು ಮೊನೆಯ ಉಳಿಯನ್ನು ಹಾಳೆಯ ಮುಂಬದಿಯಲ್ಲಿಟ್ಟು ತಟ್ಟಿ ಚಿತ್ತಾರ ಮೂಡಿಸುವುದೇ ಚೇಸಿಂಗ್. ಕೆತ್ತನೆಯಲ್ಲಿ ಲೋಹ ಚೂರಾಗಿ ಕಿತ್ತು ಬರುತ್ತದೆ. ಚೇಸಿಂಗ್‌ನಲ್ಲಿ ಲೋಹ ಪಕ್ಕಕ್ಕೆ ಸರಿಯುತ್ತದೆ ಅಷ್ಟೇ, ತೂಕ ಕಡಿಮೆಯಾಗುವುದಿಲ್ಲ.