ಜಿಎಂಆರ್‌ಟಿ ರಿಸೀವರನ್ನು ಯಾಕೆ ತಣ್ಣಗೆ ಮಾಡಲ್ಲ?

ಹೊರದೇಶದ ದೊಡ್ಡ ರೇಡಿಯೋ ಡಿಶ್‌ಗಳಲ್ಲಿ ರಿಸೀವರಿನ ಸ್ವಂತ ಗದ್ದಲ ಇಳಿಯಲಿ ಅಂತ ಹೀಲಿಯಂ ಕಂಪ್ರೆಸರ್ ಇಟ್ಟು ಅದನ್ನು 15-20 ಕೆಲ್ವಿನ್‌ಗೆ (ಸುಮಾರು ಮೈನಸ್ 255 ಡಿಗ್ರಿ ಸೆಲ್ಸಿಯಸ್) ಇಳಿಸುತ್ತಾರೆ, ಪುಣೆ ಹತ್ತಿರದ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯಲ್ಲಿ ಯಾಕಿಲ್ಲ, ದುಡ್ಡಿಲ್ವಾ ಅಂತ ಕೇಳಿದ್ದೀರಿ. ದುಡ್ಡಿನ ಮಾತೂ ಇದೆ, 30 ಡಿಶ್‌ಗೂ ಕಂಪ್ರೆಸರ್ ಇಟ್ಟು ನೋಡಿಕೊಳ್ಳುವುದು ಸುಮ್ನೆ ಅಲ್ಲ. ಆದರೆ ಅಸಲು ಕಾರಣ ಆಕಾಶ. 150 ಮೆಗಾಹರ್ಟ್ಸ್‌ನಲ್ಲಿ ನಮ್ಮ ಗ್ಯಾಲಕ್ಸಿಯೇ ನೂರಾರು ಕೆಲ್ವಿನ್‌ನಷ್ಟು ಗದ್ದಲ ಮಾಡುತ್ತದೆ (ರೇಡಿಯೋ ಗದ್ದಲವನ್ನೂ ಕೆಲ್ವಿನ್‌ನಲ್ಲೇ ಅಳೆಯುತ್ತಾರೆ). ಕಷ್ಟಪಟ್ಟು ಆಂಪ್ಲಿಫೈಯರ್ ಗದ್ದಲ ಇಳಿಸಿದರೂ ಸಂತೆಯ ಗಲಾಟೆಯಲ್ಲಿ ಒಬ್ಬನ ಪಿಸುಮಾತು ನಿಲ್ಲಿಸಿದ ಹಾಗೆ, ಅಷ್ಟೇ.

1420 ಮೆಗಾಹರ್ಟ್ಸ್‌ಗೆ ಬಂದರೆ ಲೆಕ್ಕ ಬೇರೆ. ಆಕಾಶದಲ್ಲಿ ಗ್ಯಾಲಕ್ಸಿಯ ಪಟ್ಟೆ (ಕ್ಷೀರಪಥ) ಬಿಟ್ಟು ಬೇರೆ ಕಡೆ ನೋಡಿದರೆ ಅಲ್ಲಿ ಆಕಾಶ ಬರೀ ಕೆಲವೇ ಕೆಲ್ವಿನ್, ತಣ್ಣಗೆ ಮಾಡಿದರೆ ನಿಜಕ್ಕೂ ಲಾಭ ಇದೆ. ಆದರೆ ಜಿಎಂಆರ್‌ಟಿಯ 45 ಮೀಟರ್ ಡಿಶ್ ತಂತಿ ಬಲೆಯದ್ದು ಅಲ್ವಾ, ಅಲೆ ಚಿಕ್ಕದಾದಷ್ಟೂ ಬಲೆಯ ಕಣ್ಣಿನಿಂದ ನೆಲದ ಶಾಖ ಜಾಸ್ತಿ ನುಸುಳುತ್ತದೆ, ಹಾಗಾಗಿ ಆ ಲಾಭವೂ ಪೂರ್ತಿ ಕೈಗೆ ಸಿಗುವುದಿಲ್ಲ.

ಫೀಡ್, ಅಂದರೆ ಡಿಶ್ ಒಟ್ಟುಗೂಡಿಸಿದ ಅಲೆಯನ್ನು ಹಿಡಿಯುವ ಆಂಟೆನಾ, ಬದಲಾಯಿಸುವುದು ಹೇಗೆ ಅಂತಲೂ ಕೇಳಿದ್ದಿರಿ. ಫೋಕಸ್‌ನಲ್ಲಿ ನಾಲ್ಕು ಮುಖದ ಚೌಕಟ್ಟು ಇದೆ, ಬೇಕಾದ ಫೀಡ್ ಡಿಶ್ ಕಡೆ ಬರುವ ಹಾಗೆ ಅದನ್ನು ಮೋಟಾರು ತಿರುಗಿಸುತ್ತದೆ. ಯಾರೂ ಮೇಲೆ ಹತ್ತಬೇಕಿಲ್ಲ. ಅಂದ ಹಾಗೆ, ಅದರಲ್ಲಿ 1420ರ ಫೀಡ್ ಮಾಡಿಕೊಟ್ಟಿದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ.