ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಪರೀಕ್ಷೆ: ರಸ್ತೆ ಚಿಹ್ನೆಗಳಲ್ಲೇ ತಪ್ಪುತ್ತಿದ್ದರೆ

ನಿಯಮದ ಪ್ರಶ್ನೆಗಳು ಸರಿಹೋಗಿ, ಚಿಹ್ನೆಗಳಲ್ಲೇ ಎರಡು ಸಲ ಫೇಲ್ ಆಗಿದ್ದೀರಿ ಅಂದರೆ ನೀವು ಚಿತ್ರವನ್ನು ಬಾಯಿಪಾಠ ಮಾಡುತ್ತಿದ್ದೀರಿ ಅನ್ನಿಸುತ್ತೆ. ಚಿತ್ರ ಆಮೇಲೆ, ಮೊದಲು ಆಕಾರ ಮತ್ತು ಬಣ್ಣ ನೋಡಿ. ಬಲಕ್ಕೆ ಬಾಗಿದ ಬಾಣವನ್ನೇ ತಗೊಳ್ಳಿ: ಕೆಂಪು ಅಂಚಿನ ವೃತ್ತದಲ್ಲಿ ಅಡ್ಡಗೆರೆ ಹೊಡೆದಿದ್ದರೆ ಬಲಕ್ಕೆ ತಿರುಗುವಂತಿಲ್ಲ, ನೀಲಿ ವೃತ್ತದಲ್ಲಿದ್ದರೆ ಬಲಕ್ಕೇ ತಿರುಗಬೇಕು, ತ್ರಿಕೋನದಲ್ಲಿದ್ದರೆ ಮುಂದೆ ಬಲತಿರುವು ಇದೆ ಅಷ್ಟೆ. ಬಾಣ ಒಂದೇ, ಉತ್ತರ ಮೂರು! ನೀಲಿ ಆಯತ ಬರೀ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್.

ತುಂಬಾ ಜನ ಎಡವುವುದು ನೋ ಪಾರ್ಕಿಂಗ್‌ನಲ್ಲಿ. ಚಿಹ್ನೆಯ ಮೇಲೆ ಒಂದು ಅಡ್ಡಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಕತ್ತರಿಯಂತೆ ಇದ್ದರೆ ಗಾಡಿ ನಿಲ್ಲಿಸುವಂತೆಯೇ ಇಲ್ಲ, ಒಬ್ಬರನ್ನು ಇಳಿಸಲಿಕ್ಕೂ.

ಬೀದಿಯಲ್ಲಿ ಕಂಡದ್ದನ್ನು ಉತ್ತರವಾಗಿ ಒತ್ತಬೇಡಿ. ನಮ್ಮ ಸರ್ಕಲ್‌ಗಳಲ್ಲಿ ನುಗ್ಗಿದವನದೇ ದಾರಿ, ಆದರೆ ನಿಯಮದ ಪ್ರಕಾರ ಆಗಲೇ ಒಳಗೆ ಸುತ್ತುತ್ತಿರುವ ಗಾಡಿಗೆ ಆದ್ಯತೆ. ಘಾಟಿಯ ಕಿರಿದಾದ ರಸ್ತೆಯಲ್ಲಿ ಏರು ಹತ್ತುವ ಗಾಡಿಗೆ ದಾರಿ ಬಿಡಬೇಕು. ನಡುವೆ ನಿಂತರೆ ಅದು ಮತ್ತೆ ಹೊರಡುವುದು ಕಷ್ಟ. ಮಿನುಗುವ ಕೆಂಪು ದೀಪಕ್ಕೆ ಪೂರ್ತಿ ನಿಂತು ನೋಡಿ ಹೋಗಬೇಕು, ಮಿನುಗುವ ಹಳದಿಗೆ ನಿಧಾನಿಸಿದರೆ ಸಾಕು. ಮದ್ಯದ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ.

ಪಾಸಾಗಲು ಶೇ. 60 ಸಾಕು. ಕನ್ನಡ ಆರಿಸಿಕೊಂಡಿದ್ದರೆ ‘ನಿಷೇಧ’, ‘ಕಡ್ಡಾಯ’ ಪದಗಳನ್ನು ಅವಸರದಲ್ಲಿ ಹಾರಿಸಬೇಡಿ. ಎಲ್‌ಎಲ್‌ಆರ್ ಅವಧಿ 6 ತಿಂಗಳು, 30 ದಿನ ಕಳೆದ ಮೇಲೆ ಡಿಎಲ್ (ಪೂರ್ಣ ಲೈಸೆನ್ಸ್) ಟೆಸ್ಟ್‌ಗೆ ಹೋಗಬಹುದು.